ಸ್ಪಿರುಲಿನಾದಿಂದ ನೀಲಿ ಬಣ್ಣ ಬರುತ್ತಿಲ್ಲ, ಎಲ್ಲಿ ತಪ್ಪಿದೆ?

ಪಾಚಿಪ್ರಿಯ:
20 ಲೀಟರ್ ತೊಟ್ಟಿಯಲ್ಲಿ ಸ್ಪಿರುಲಿನಾ (ನೀಲಿ-ಹಸಿರು ಪಾಚಿ) ಬೆಳೆಸಿದ್ದೇನೆ. ಬೆಳೆ ಚೆನ್ನಾಗಿಯೇ ಬಂತು, ಕಡು ಹಸಿರು, ಪಿಎಚ್ 10ರ ಹತ್ತಿರ. ಬಟ್ಟೆಯಲ್ಲಿ ಸೋಸಿ, ಓವನ್‌ನಲ್ಲಿ 70 ಡಿಗ್ರಿಗೆ ಒಣಗಿಸಿ, ಪುಡಿ ಮಾಡಿ ಬಿಸಿನೀರಿಗೆ ಹಾಕಿದೆ. ಬೇಕಿದ್ದದ್ದು ಶಾಯಿಯಂಥ ನೀಲಿ. ಸಿಕ್ಕಿದ್ದು ಕೆರೆ ನೀರು! ಮೂರು ಸಲವೂ ಇದೇ ಕಥೆ. ಮನೆಯವರೆಲ್ಲ ಮೂಗು ಮುಚ್ಚಿಕೊಂಡು ಓಡಾಡುತ್ತಿದ್ದಾರೆ. ತಳಿಯೇ ಸರಿಯಿಲ್ಲವಾ?

ಹಳೇಗಾಜು:
ತಳಿ ಏನು ಮಾಡುತ್ತದೆ ಪಾಪ. ನೀವು ನೀಲಿಯನ್ನು ಬೇಯಿಸಿಬಿಟ್ಟಿದ್ದೀರಿ. ಅದರ ಹೆಸರು ಫೈಕೋಸಯನಿನ್, ಅದೊಂದು ಪ್ರೋಟೀನ್. 50 ಡಿಗ್ರಿ ದಾಟಿತೋ, ಬಣ್ಣ ಬೇಗ ಹಾಳಾಗುತ್ತದೆ. ನಾನೂ ಒಂದು ತಿಂಗಳ ಬೆಳೆಯನ್ನು ಹೀಗೇ ಸಾರು ಮಾಡಿ ಚೆಲ್ಲಿದವನು.

ಒಣಗಿಸುವ ಉಸಾಬರಿಯೇ ಬೇಡ. ಹಸಿ ಮುದ್ದೆಯನ್ನು ಬೇಗ ಒಮ್ಮೆ ತೊಳೆಯಿರಿ. ತೊಟ್ಟಿ ನೀರಿನ ಸೋಡಾ ಉಳಿಯಬಾರದು, ಈ ನೀಲಿಗೆ ಪಿಎಚ್ 6ರಿಂದ 7 ಹಿತ. ಆಮೇಲೆ ಫ್ರೀಜರ್‌ನಲ್ಲಿ ಗಟ್ಟಿ ಮಾಡಿ, ಫ್ರಿಜ್‌ನಲ್ಲೇ ಕರಗಲು ಬಿಡಿ. ಎರಡು ಮೂರು ಸಲ ಹೀಗೆ ಮಾಡಿದರೆ ಮಂಜಿನ ಹರಳುಗಳೇ ಕೋಶ ಒಡೆಯುತ್ತವೆ. ತಣ್ಣೀರು ಸೇರಿಸಿ, ಕತ್ತಲಲ್ಲಿ ಒಂದು ರಾತ್ರಿ ಇಡಿ. ಮಿಕ್ಸಿಗೆ ಮಾತ್ರ ಹಾಕಬೇಡಿ! ಹಸಿರು ಬಣ್ಣ ನೀರಿನಲ್ಲಿ ಕರಗುವುದಿಲ್ಲ, ಸುಮ್ನೆ ಬಿಟ್ಟರೆ ತಳಕ್ಕೆ ಕೂರುತ್ತದೆ. ಮಿಕ್ಸಿಯಲ್ಲಿ ಚೂರುಚೂರಾದರೆ ಮೇಲೇ ತೇಲುತ್ತದೆ. ತಿಳಿಯನ್ನು ಮೆಲ್ಲಗೆ ಬಗ್ಗಿಸಿಕೊಳ್ಳಿ.

ಮೂರನೇಕಣ್ಣು:
ಇನ್ನೊಂದು ವಿಷಯ. ನೈಟ್ರೇಟ್ ಮುಗಿದರೆ ಸ್ಪಿರುಲಿನಾ ತನ್ನ ನೀಲಿಯನ್ನೇ ತಿಂದು ಬದುಕುತ್ತದೆ. ತೊಟ್ಟಿ ಹಳದಿಗೆ ತಿರುಗುತ್ತಿದ್ದರೆ ಅದೇ ಕಾರಣ ಇರಬಹುದು. ಬೆಳಕು ಜಾಸ್ತಿಯಾದರೂ ನೀಲಿ ಇಳಿಯುತ್ತದೆ. ಡುನಾಲಿಯೆಲ್ಲಾ ಅನ್ನುವ ಇನ್ನೊಂದು ಪಾಚಿಯದ್ದು ಉಲ್ಟಾ ಬುದ್ಧಿ, ಉಪ್ಪು, ಬಿಸಿಲು, ಹಸಿವು ಕೊಟ್ಟು ಕಾಡಿಸಿದಷ್ಟೂ ಕಿತ್ತಳೆ ಬಣ್ಣ ಕೂಡಿಡುತ್ತದೆ. ಮತ್ತೆ, ತಿನ್ನುವುದಕ್ಕೆ ಬಳಸುವುದಾದರೆ ಹುಷಾರು. ತೆರೆದ ತೊಟ್ಟಿಗೆ ವಿಷದ ಪಾಚಿ ಸೇರಿಕೊಳ್ಳಬಹುದು, ಮೈಕ್ರೋಸ್ಕೋಪಿನಲ್ಲಿ ನೋಡಿದರೂ ಪರೀಕ್ಷೆ ಮಾಡಿಸದೆ ನಂಬಬೇಡಿ.

ಪಾಚಿಪ್ರಿಯ:
ನೀಲಿ ಬಂತು! ತಿನ್ನುವುದಕ್ಕಲ್ಲ, ಕಾಗದಕ್ಕೆ ಬಳಿಯುವ ಬಣ್ಣಕ್ಕೆ. ಆದರೆ ಟಾರ್ಚ್ ಹಿಡಿದರೆ ಪಕ್ಕದಿಂದ ಕೆಂಪಗೆ ಹೊಳೆಯುತ್ತಿದೆ. ಕೆಟ್ಟಿತಾ?

ಹಳೇಗಾಜು:
ಇಲ್ಲ ಮಾರಾಯರೇ, ಅದು ಒಳ್ಳೇ ಫೈಕೋಸಯನಿನ್‌ನ ಗುರುತು. ಕೆಟ್ಟರೆ ಆ ಕೆಂಪೇ ಮೊದಲು ಮಾಯವಾಗುವುದು. ಬಾಟಲಿ ಕಿಟಕಿಯಲ್ಲಿ ಇಟ್ಟಿಲ್ಲ ಅಲ್ವಾ?

ಪಾಚಿಪ್ರಿಯ:
…ಈಗ ತೆಗೆದು ಫ್ರಿಜ್‌ಗೆ ಇಟ್ಟೆ.