ಸಹಾಯ ಬೇಕು: ಗ್ಯಾಲರಿಗೆ ಬೀಳ್ಕೊಡುಗೆ, ಗೋಡೆ ತುಂಬ ಚಿತ್ರ

ಮರುನಿರ್ಮಾಣಕ್ಕೆ ಮುಚ್ಚುವ ನಮ್ಮೂರ ಕಲಾ ಗ್ಯಾಲರಿಯಲ್ಲಿ ಕೊನೇ ಭಾನುವಾರ ಊರವರೇ ಗೋಡೆ ಮೇಲೆ ಚಿತ್ರ ಬರೆಯುತ್ತಾರೆ. 400 ಚದರ ಅಡಿ ಗೋಡೆ, ಮೇಲೆ ಹಳೇ ಡಿಸ್ಟೆಂಪರ್ (ಸೀಮೆಸುಣ್ಣದ ಪುಡಿ ಬೆರೆಸಿದ ಬಣ್ಣ). ಅದರ ಮೇಲೆ ನೇರ ಆಕ್ರಿಲಿಕ್ ಬಣ್ಣ ಬಳಿದರೆ ಪುಡಿಯ ಸಮೇತ ಕಿತ್ತು ಬರುತ್ತದೆ. ಹಾಗಾಗಿ ಸುಮಾರು 4 ಲೀಟರ್ ಪ್ರೈಮರ್ (ಬಣ್ಣ ಹಿಡಿಯಲು ಮೊದಲು ಬಳಿಯುವ ಲೇಪ) ಬೇಕು. ಶನಿವಾರ ಬೆಳಿಗ್ಗೆಯೇ ಬಳಿಯಲು ರೋಲರ್ ಹಿಡಿದು ಗೊತ್ತಿರುವ ನಾಲ್ವರೂ ಬೇಕು.

ಗೋಡೆ ಕೆರೆಯುವುದು ಬೇಡವೇ ಬೇಡ, ಹಳೇ ಬಣ್ಣದಲ್ಲಿ ವಿಷಕಾರಿ ಸೀಸ ಇರಬಹುದು. (ಪ್ಯಾರಿಸ್‌ನ ಪಾಂಪಿಡೂ ಕಲಾ ಕೇಂದ್ರ 2025ರಲ್ಲಿ ಮುಚ್ಚಿದ್ದಕ್ಕೆ ಹಾನಿಕರ ಕಲ್ನಾರು (ಆಸ್ಬೆಸ್ಟಾಸ್) ತೆಗೆಯುವ ಕೆಲಸವೂ ಒಂದು ಕಾರಣ. ಹಳೇ ಕಟ್ಟಡಗಳ ಹಣೆಬರಹ!) ಸ್ಪ್ರೇ ತರಬೇಡಿ, ಒಳಗೆ ಗಾಳಿಯಾಡುವುದಿಲ್ಲ. ಇದ್ದಿಲು, ಸೀಮೆಸುಣ್ಣವೂ ಬೇಡ: ಪಕ್ಕದ ಕೋಣೆಯಲ್ಲಿ ಇನ್ನೂ ಪ್ಯಾಕ್ ಆಗದ ಚಿತ್ರಗಳಿವೆ, ಎಸಿ ಗಾಳಿಯಲ್ಲಿ ಪುಡಿ ಅಲ್ಲಿಗೂ ಹೋಗುತ್ತದೆ.

ನೆಲಕ್ಕೆ ಹಾಸಲು ಹಳೇ ಫ್ಲೆಕ್ಸ್ ಯಾರಲ್ಲಾದರೂ ಇದೆಯೇ?