ಪದ ಬೇಕು: ಜಾಹೀರಾತು ಫಲಕದ ಮೇಲೆ ಗೀಚಿ ಅರ್ಥ ತಿರುಗಿಸುವುದಕ್ಕೆ

ಪ್ರಶ್ನೆ:
ತಂಬಾಕು ವಿರೋಧಿ ದಿನದ ಪ್ರದರ್ಶನಕ್ಕೆ ಚಿತ್ರಗಳ ಅಡಿಬರಹ ಬರೆಯುತ್ತಿದ್ದೇನೆ. ನಾಳೆ ಮಧ್ಯಾಹ್ನ ಅಚ್ಚಿಗೆ ಹೋಗಬೇಕು. ಚಿತ್ರಗಳು 1979ರಲ್ಲಿ ಸಿಡ್ನಿಯಲ್ಲಿ ಹುಟ್ಟಿದ ‘ಬುಗಾ ಅಪ್’ ಗುಂಪಿನವು. ಇವರು ಸ್ಪ್ರೇ ಡಬ್ಬಿ ಹಿಡಿದು ಸಿಗರೇಟು, ಮದ್ಯದ ಫಲಕಗಳ ಅಕ್ಷರಗಳನ್ನೇ ತಿರುಚುತ್ತಿದ್ದರು. ಒಂದು ಕಡೆ ‘ಮಾರ್ಲ್‌ಬೋರೊ’ ಹೋಗಿ ‘ಇಟ್ಸ್ ಎ ಬೋರ್’ ಆಗಿದೆ. ಈ ಕೆಲಸಕ್ಕೆ ಒಂದೇ ಪದ ಹೇಳಿ. ‘ವಿರೂಪಗೊಳಿಸುವಿಕೆ’ ಎಂದು ಬರೆದು ಹೊಡೆದುಹಾಕಿದೆ. ಗುಂಪಿನ ಹೆಸರನ್ನೂ ಕನ್ನಡಿಸಬೇಕೇ?

ಉತ್ತರ:
ಹೊಡೆದುಹಾಕಿದ್ದು ಸರಿ. ‘ವಿರೂಪ’ ಪೊಲೀಸರ ಮಾತು, ನಮ್ಮ ಕರ್ನಾಟಕದ 1981ರ ತೆರೆದ ಸ್ಥಳಗಳ (ವಿರೂಪ ತಡೆ) ಕಾಯಿದೆಯ ಭಾಷೆ. ‘ತಿದ್ದುಬರಹ’ ಎನ್ನಿ. ಹಳಗನ್ನಡದ ತಿರ್ದು, ತಮಿಳಿನ ತಿರುತ್ತು, ತೆಲುಗಿನ ದಿದ್ದು ಎಲ್ಲ ಒಂದೇ ಬೇರು. ಮಗುವಿನ ಕೈ ಹಿಡಿದು ಅಕ್ಷರ ತಿದ್ದಿಸುವುದೂ ಇದೇ. ಫಲಕ ಸುಳ್ಳು ಹೇಳಿತು, ಇವರು ತಿದ್ದಿದರು. ಅಂದಹಾಗೆ, ‘ತಂಬಾಕು’ ಏಕೆ? ‘ಹೊಗೆಸೊಪ್ಪು’ ಸತ್ತುಹೋಯಿತೇ?

ಇನ್ನೊಂದು ಉತ್ತರ:
ತಿದ್ದುಬರಹ ಎಂದರೆ ಕರಡು ತಿದ್ದುವವರ ಕೆಂಪು ಶಾಯಿ ನೆನಪಾಗುತ್ತದೆ. ಇಲ್ಲಿರುವುದು ಕುಚೋದ್ಯ, ‘ಅಣಕುಬರಹ’ ಸಾಕು. ತಂಬಾಕನ್ನು ಓಡಿಸುವ ಮಹನೀಯರು ‘ಜಾಹೀರಾತ’ನ್ನೇಕೆ ಬಿಟ್ಟರೋ! ಅದರ ಮೂಲ ಅರಬ್ಬಿ. ‘ಬೋರ್’ ಅನ್ನು ‘ಬೇಸರ’ ಮಾಡಲು ಹೋಗಬೇಡಿ, ಬೋರೊ-ಬೋರಿನ ಆಟವೇ ಹೋಗುತ್ತದೆ. ಬೋರು ಹೊಡೆಯುವುದು ಎಂದೋ ಕನ್ನಡವಾಗಿದೆ. ಗುಂಪಿನ ಹೆಸರನ್ನು ಮುಟ್ಟಬೇಡಿ. ಅದು ಉದ್ದನೆಯ ಇಂಗ್ಲಿಷ್ ಹೆಸರೊಂದರ ಮೊದಲಕ್ಷರಗಳ ಜೋಡಣೆ. ಕೂಡಿಸಿ ಓದಿದರೆ ‘ಕೆಡಿಸಿಹಾಕು’ ಎಂಬ ಅಲ್ಲಿನ ಒರಟು ಬೀದಿಮಾತು. ಎರಡೂ ಒಟ್ಟಿಗೆ ಕನ್ನಡಕ್ಕೆ ಬರುವುದಿಲ್ಲ.

ಮೊದಲ ಉತ್ತರದವರು:
ಅಣಕ ನಕ್ಕು ಮರೆಯುವಂಥದ್ದು. ಆ ಗುಂಪಿನಲ್ಲಿ ಶಸ್ತ್ರವೈದ್ಯ ಆರ್ಥರ್ ಚೆಸ್ಟರ್‌ಫೀಲ್ಡ್-ಇವಾನ್ಸ್ ಕೂಡ ಇದ್ದರು, ಪೊಲೀಸರ ಕೈಗೂ ಸಿಕ್ಕಿದರು. ಕುಚೋದ್ಯಕ್ಕಾಗಿ ಯಾವ ವೈದ್ಯ ಠಾಣೆಯ ಮೆಟ್ಟಿಲು ಹತ್ತುತ್ತಾನೆ? ಆಸ್ಟ್ರೇಲಿಯಾದಲ್ಲಿ ರೇಡಿಯೋ, ಟಿವಿಯ ಸಿಗರೇಟು ಜಾಹೀರಾತು 1976ರಲ್ಲೇ ನಿಂತಿತ್ತು. ಬೀದಿಯ ಫಲಕ ಉಳಿದಿತ್ತು, ಅದನ್ನು ತಿದ್ದಿದರು. 1992ರಲ್ಲಿ ಸಂಸತ್ತು ನಿಷೇಧದ ಕಾಯಿದೆಯನ್ನೇ ತಂದಿತು. ಅರಬ್ಬಿ ಪಾಠಕ್ಕೆ ಧನ್ಯವಾದ, ಕೇಳಿರಲಿಲ್ಲ.

ಪ್ರಶ್ನೆ ಕೇಳಿದವರು:
ಮುದ್ರಣಾಲಯದಿಂದ ಎರಡು ಬಾರಿ ಕರೆ ಬಂತು. ‘ತಿದ್ದುಬರಹ’ ಹಾಕಿದ್ದೇನೆ, ‘ಬೋರ್’ ಹಾಗೆಯೇ ಇದೆ, ‘ಬುಗಾ ಅಪ್’ ಕೂಡ. ‘ಹೊಗೆಸೊಪ್ಪು’ ಹಾಕಲಿಲ್ಲ. ನಮ್ಮ ಕಡೆ ಅದು ಎಲೆಅಡಿಕೆಯ ಜೊತೆ ಜಗಿಯುವ ಪದಾರ್ಥ. ಸಿಗರೇಟಿನ ಚಿತ್ರದ ಕೆಳಗೆ ಕಂಡರೆ ಜನ ತಬ್ಬಿಬ್ಬಾಗುತ್ತಾರೆ.