‘ಸಲ್ಲಿಸು’, ‘ಸಲ್ಲಿಸಿ’: ಕಿವಿಗೆ ಬೀಳುವ ಬಟನ್‌ಗೆ ಯಾವ ರೂಪ ಸರಿ?

ಬಲ್ಲವರಲ್ಲಿ ಒಂದು ಪ್ರಶ್ನೆ. ಸ್ವಲ್ಪ ಹಿನ್ನೆಲೆ ಹೇಳದಿದ್ದರೆ ಅದು ಅರ್ಥವಾಗುವುದಿಲ್ಲ.

ವಿರಾಜಪೇಟೆಗೆ ಸಮೀಪದ ನಮ್ಮೂರಿನ ಹತ್ತು ಹನ್ನೆರಡು ಕಾಫಿ ಬೆಳೆಗಾರರಿಗಾಗಿ ಒಂದು ಸಣ್ಣ ಜಾಲಪುಟ ಮಾಡಿದ್ದೇನೆ. ಬೆಳಿಗ್ಗೆ ಮಳೆಮಾಪಕ ನೋಡಿ ಪುಸ್ತಕದಲ್ಲಿ ಬರೆದಿಡುವ ಅಂಕಿಯನ್ನು ಮೊಬೈಲಿನಲ್ಲೂ ತುಂಬಿದರೆ, ಯಾರ ತೋಟಕ್ಕೆ ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಎಷ್ಟು ಬಿತ್ತು ಎಂದು ಎಲ್ಲರಿಗೂ ತಿಳಿಯುತ್ತದೆ. ಅಂಕಿ ತುಂಬಲು ಒಂದು ಖಾನೆ, ಅದರ ಕೆಳಗೆ ‘ಸಲ್ಲಿಸು’ ಎಂಬ ಬಟನ್, ಆಮೇಲೆ ಹಿಂದಿನ ದಿನಗಳ ಪಟ್ಟಿ, ಪಟ್ಟಿಯ ಪ್ರತಿ ಸಾಲಿಗೂ ಒಂದು ‘ಅಳಿಸು’. ಪುಟದಲ್ಲಿ ಇರುವುದು ಇಷ್ಟೇ.

ನನಗೆ ಶಾಲೆಯಲ್ಲಿ ಕನ್ನಡ ಕಲಿಸಿದ ಮೇಷ್ಟ್ರಿಗೂ ಇಲ್ಲಿ ಎರಡು ಎಕರೆ ರೋಬಸ್ಟಾ ತೋಟವಿದೆ. ಸಕ್ಕರೆ ಕಾಯಿಲೆಯಿಂದ ಅವರ ಕಣ್ಣು ಹೋಗಿದೆ. ಮೊಬೈಲನ್ನು ಟಾಕ್‌ಬ್ಯಾಕ್ ಎಂಬ ಓದಿ ಹೇಳುವ ತಂತ್ರಾಂಶದ ಮೂಲಕ ಬಳಸುತ್ತಾರೆ. ಪರದೆಯ ಮೇಲೆ ಬೆರಳು ಸರಿಸಿದಂತೆ ಅದು ಒಂದೊಂದನ್ನೇ ಓದಿ ಹೇಳುತ್ತದೆ. ಮಾಪಕದ ಅಂಕಿಯನ್ನು ಮಗ ನೋಡಿ ಹೇಳುತ್ತಾನೆ, ತುಂಬುವುದು ಮಾತ್ರ ತಾವೇ. ಪುಟವನ್ನು ಮೊದಲ ಸಲ ಕೇಳಿಸಿಕೊಂಡಾಗ ಅವರು ನನ್ನನ್ನು ಕರೆದು, “ಇದು ‘ಸಲ್ಲಿಸು’ ಎನ್ನುತ್ತಿದೆಯಲ್ಲ, ಯಾರು ಯಾರಿಗೆ ಹೇಳುತ್ತಿರುವ ಮಾತಪ್ಪ?” ಎಂದರು.

ನನ್ನ ಬಳಿ ಉತ್ತರ ಸಿದ್ಧವಿತ್ತು. “ಅದು ಪುಟ ನಿಮಗೆ ಹೇಳುವುದಲ್ಲ ಸರ್, ನೀವು ಯಂತ್ರಕ್ಕೆ ಹೇಳುವುದು. ಯಂತ್ರಕ್ಕೆ ಬಹುವಚನ ಬೇಡವಲ್ಲ.”

“ಕಣ್ಣಿದ್ದವನಿಗೆ ಆ ಮಾತು ಸರಿ. ನನಗೆ ಎಲ್ಲವೂ ಒಂದೇ ದನಿಯಲ್ಲಿ ಬರುತ್ತದೆ. ‘ಎರಡು ಸಲ ತಟ್ಟಿ’ ಎನ್ನುವ ದನಿಯೇ ‘ಸಲ್ಲಿಸು’ ಎಂದರೆ ಅದನ್ನು ನಾನು ಹೇಳಿದ್ದು ಎಂದುಕೊಳ್ಳಲು ಆಗುತ್ತದೆಯೇ?”

ಅಂದಿನಿಂದ ನಾನು ಇದನ್ನೇ ಯೋಚಿಸುತ್ತಿದ್ದೇನೆ.

ಇದರಲ್ಲಿ ಅರ್ಧ ತಪ್ಪು ನನ್ನ ಕೋಡಿನದು. ನೋಟಕ್ಕೆ ಚೆಂದ ಕಾಣಲೆಂದು ಬಟನ್ ಟ್ಯಾಗ್ ಬಿಟ್ಟು ಒಂದು ಡಿವ್‌ಗೆ (ಪುಟದ ಬರೀ ಚೌಕಕ್ಕೆ) ಬಣ್ಣ ಹಚ್ಚಿ, ಕ್ಲಿಕ್ ಮಾಡಿದರೆ ಕೆಲಸ ಮಾಡುವಂತೆ ಬರೆದಿದ್ದೆ. ಜಾಲಪುಟ ಬರೆಯುವ ಭಾಷೆಯಾದ ಎಚ್‌ಟಿಎಂಎಲ್‌ನ ನಿಜವಾದ ಬಟನ್ ಆಗಿದ್ದರೆ ಪದದ ಬೆನ್ನಿಗೆ ‘ಬಟನ್’ ಎಂದೂ ಕೇಳುತ್ತದೆ, ಕೀಲಿಮಣೆಯಿಂದಲೂ ಅದನ್ನು ಒತ್ತಬಹುದು. ಡಿವ್‌ಗೆ ಆ ಗುರುತಿಲ್ಲ. ಹಾಗಾಗಿ ಮೇಷ್ಟ್ರಿಗೆ ಕೇಳಿಸಿದ್ದು ಹಿಂದೆ ಮುಂದೆ ಏನೂ ಇಲ್ಲದ ಒಂಟಿ ಆಜ್ಞೆ. ಅದನ್ನು ಆ ದಿನವೇ ಸರಿಪಡಿಸಿದೆ. ಈಗ ‘ಸಲ್ಲಿಸು, ಬಟನ್’ ಎಂದು ಕೇಳುತ್ತದೆ, ಬಿರುಸು ತುಸು ತಗ್ಗಿದೆ. ಆದರೂ ಏಕವಚನ ಏಕವಚನವೇ.

ತೊಡಕು ಕನ್ನಡದ ಕ್ರಿಯಾಪದದಲ್ಲಿಯೇ ಇದೆ. ನಮ್ಮಲ್ಲಿ ಧಾತುವೂ ಮಧ್ಯಮ ಪುರುಷ ಏಕವಚನದ ವಿಧಿರೂಪವೂ (ಆಜ್ಞೆಯ ರೂಪ) ಒಂದೇ. 1894ರ ಕಿಟೆಲ್ ನಿಘಂಟನ್ನು ತೆರೆದು ‘ಸಲ್ಲಿಸು’ ಎಂಬ ನಮೂದನ್ನು ನೋಡಿದಾಗ ಯಾರಿಗೂ ಆಜ್ಞೆ ಎನಿಸುವುದಿಲ್ಲ, ಕಣ್ಣು ಅದನ್ನು ಧಾತುವೆಂದೇ ಓದುತ್ತದೆ. ಪರದೆಯ ಮೇಲಿನ ಬಟನ್‌ನಲ್ಲಿಯೂ ಹಾಗೆಯೇ. ಅದೇ ಪದ ಗಟ್ಟಿಯಾಗಿ ಕೇಳಿಸಿದ ಕೂಡಲೇ ಧಾತು ಮರೆಯಾಗಿ ಆಜ್ಞೆ ಉಳಿಯುತ್ತದೆ. ಇಂಗ್ಲಿಷಿಗೆ ಈ ಕಷ್ಟವಿಲ್ಲ. ಅಲ್ಲಿ ನೀನು, ನೀವು ಎರಡಕ್ಕೂ ಕ್ರಿಯಾಪದ ಒಂದೇ.

ಕಣ್ಣಿಗೊಂದು, ಕಿವಿಗೊಂದು ಕೊಟ್ಟರಾಯಿತು ಎಂದೂ ಯೋಚಿಸಿದೆ. ಬಟನ್ ಮೇಲೆ ‘ಸಲ್ಲಿಸು’ ಎಂದೇ ಬರೆದು, ಕಣ್ಣಿಗೆ ಕಾಣದೆ ಓದುವ ತಂತ್ರಾಂಶಕ್ಕಷ್ಟೇ ತಿಳಿಯುವ ಏರಿಯಾ-ಲೇಬಲ್‌ನಲ್ಲಿ ‘ಸಲ್ಲಿಸಿ’ ಎಂದು ಇಟ್ಟರೆ ಓದುವ ತಂತ್ರಾಂಶ ಎರಡನೆಯದನ್ನೇ ಹೇಳುತ್ತದೆ. ಆದರೆ ಇದು ಸಲ್ಲದು. ಜಾಲಪುಟಗಳು ಅಂಗವಿಕಲರಿಗೂ ಬಳಸಲು ಬರುವಂತಿರಲೆಂದು 2018ರಲ್ಲಿ ಬಂದ ಡಬ್ಲ್ಯುಸಿಎಜಿ 2.1 ಮಾರ್ಗಸೂಚಿಯ ಪ್ರಕಾರ, ಕಣ್ಣಿಗೆ ಕಾಣುವ ಪದವು ಯಂತ್ರಕ್ಕೆ ತಿಳಿಸುವ ಹೆಸರಿನೊಳಗೂ ಇರಬೇಕು. ಬಾಯಿಮಾತಿನಿಂದ ಕಂಪ್ಯೂಟರ್ ನಡೆಸುವವರು ತಮಗೆ ಕಂಡ ಪದವನ್ನೇ ಉಚ್ಚರಿಸುತ್ತಾರೆ. ಒಳಗಿನ ಹೆಸರು ಬೇರೆಯಿದ್ದರೆ ಬಟನ್ ಓಗೊಡುವುದಿಲ್ಲ. ಮಂದದೃಷ್ಟಿಯವರು ನೋಡುತ್ತಲೂ ಕೇಳುತ್ತಲೂ ಇರುತ್ತಾರೆ, ಅವರಿಗೆ ಇದು ಗೊಂದಲ. ಆದ್ದರಿಂದ ಎರಡಕ್ಕೂ ಹೊಂದುವ ಒಂದೇ ಪದ ಬೇಕು.

ಹಾಗಾದರೆ ‘ಸಲ್ಲಿಸಿ’ ಎಂದು ಬದಲಾಯಿಸಿದರೆ ಮುಗಿಯಿತಲ್ಲ ಎನ್ನಬಹುದು. ಘಟ್ಟದ ತಿರುವುಗಳಲ್ಲಿ ‘ನಿಧಾನವಾಗಿ ಚಲಿಸಿ’ ಎಂದೇ ಬರೆದಿರುತ್ತಾರೆ, ‘ಚಲಿಸು’ ಎಂದು ಬರೆದವರನ್ನು ನಾನು ಕಂಡಿಲ್ಲ. ಪ್ರಶ್ನೆಪತ್ರಿಕೆ ಹತ್ತು ವರ್ಷದ ಮಗುವಿಗೂ ‘ಉತ್ತರಿಸಿ’, ‘ಬರೆಯಿರಿ’ ಎನ್ನುತ್ತದೆ. ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ತುಳು ಆಡುತ್ತ ಬೆಳೆದು ಶಾಲೆಯಲ್ಲಿ ಕನ್ನಡ ಕಲಿತವರು ಕೊಡಗಿನಲ್ಲಿ ಬಹಳ ಮಂದಿ. ಬರಹದ ಕನ್ನಡ ಅವರೊಂದಿಗೆ ಬಹುವಚನದಲ್ಲಿಯೇ ಮಾತನಾಡಿದೆ. ಬಹುವಚನದ ಪರವಾಗಿ ನನಗೆ ಈಗ ಅನುಮಾನವಿಲ್ಲ.

ಅನುಮಾನವಿರುವುದು ಆ ರೂಪದ ಬಗ್ಗೆ. ‘ಸಲ್ಲಿಸಿ’ ಎಂಬುದು ಭೂತ ನ್ಯೂನವೂ ಹೌದು, ಅಂದರೆ ಮುಂದೆ ಇನ್ನೊಂದು ಕ್ರಿಯಾಪದವನ್ನು ಬೇಡುವ ಅಪೂರ್ಣ ರೂಪ. ‘ಅರ್ಜಿ ಸಲ್ಲಿಸಿ ಮನೆಗೆ ಬಂದರು’ ಎನ್ನುವಾಗಿನ ‘ಸಲ್ಲಿಸಿ’. ಮನುಷ್ಯರು ಮಾತನಾಡುವಾಗ ದನಿಯ ಏರಿಳಿತದಿಂದ ಎರಡೂ ಬೇರೆಯಾಗುತ್ತವೆ. ಯಂತ್ರದ ದನಿಗೆ ಆ ಏರಿಳಿತವಿಲ್ಲ. ‘ಏಪ್ರಿಲ್ 6ರ ಲೆಕ್ಕ ಅಳಿಸಿ’ ಎಂದು ಅದು ಹೇಳಿದಾಗ ಮೇಷ್ಟ್ರು ಮುಂದಿನ ಮಾತಿಗಾಗಿ ಕಾಯುತ್ತಾರೆ: ಅಳಿಸಿ ಏನಾಯಿತು? ಈಗಾಗಲೇ ಅಳಿಸಿಹೋಯಿತೇ? (ಬರೀ ‘ಅಳಿಸಿ’ ಎಂದಿಟ್ಟರೆ ಇನ್ನೂ ಕಷ್ಟ. ಓದುವ ತಂತ್ರಾಂಶದಲ್ಲಿ ಬಟನ್‌ನಿಂದ ಬಟನ್‌ಗೆ ಜಿಗಿಯುವವರಿಗೆ ‘ಅಳಿಸಿ, ಅಳಿಸಿ, ಅಳಿಸಿ’ ಎಂದಷ್ಟೇ ಕೇಳುತ್ತದೆ, ಯಾವ ದಿನದ್ದೆಂದು ಗೊತ್ತಾಗುವುದಿಲ್ಲ. ಅದಕ್ಕಾಗಿಯೇ ದಿನಾಂಕ ಸೇರಿಸಿದ್ದು.)

ಈ ತೊಂದರೆ ಇರುವ ಧಾತುಗಳೂ ಇವೆ, ಇಲ್ಲದವೂ ಇವೆ. ನೋಡು, ಮಾಡು, ಹುಡುಕು, ತಿಳಿಸು ಇವುಗಳಲ್ಲಿ ಎರಡು ರೂಪಗಳೂ ಒಂದೇ: ನೋಡಿ, ಮಾಡಿ, ಹುಡುಕಿ, ತಿಳಿಸಿ. ಆದರೆ ಬರೆ ಎಂಬುದು ಬರೆಯಿರಿ, ಬರೆದು ಎಂದು ಕವಲೊಡೆಯುತ್ತದೆ. ಕೊಡು ಕೊಡಿ, ಕೊಟ್ಟು ಎಂದಾಗುತ್ತದೆ. ಇಡು ಇಡಿ, ಇಟ್ಟು ಎಂದು. ಇಂತಹ ಧಾತುಗಳನ್ನು ಆರಿಸಿಕೊಂಡರೆ ಕಿವಿಗೆ ಗೊಂದಲವೇ ಇಲ್ಲ. ನಾಮಪದದ ದಾರಿಯೂ ಇದೆ, ‘ಸಲ್ಲಿಕೆ’, ‘ಹುಡುಕಾಟ’ ಎನ್ನಬಹುದು. ಆದರೆ ‘ಸಲ್ಲಿಕೆ’ ಎಂದರೆ ಒತ್ತಬೇಕಾದ ಬಟನ್ನೋ ಹಿಂದಿನ ಸಲ್ಲಿಕೆಗಳ ಪಟ್ಟಿಯೋ ತಿಳಿಯುವುದಿಲ್ಲ.

ಹೀಗೆ ಹುಡುಕುವಾಗ ‘ಸಲ್ಲಿಸು’ ಎಂಬ ಧಾತುವೇ ನಮಗೆ ಹೊಂದುವುದಿಲ್ಲ ಎಂದು ಕಂಡಿತು. ಅರ್ಜಿ, ಕಂದಾಯ, ಪೂಜೆ, ಗೌರವ ಇವನ್ನು ಸಲ್ಲಿಸುತ್ತೇವೆ, ಅಂದರೆ ಕೆಳಗಿನವರು ಮೇಲಿನವರಿಗೆ. ನೆರೆಹೊರೆಯವರು ಪರಸ್ಪರ ಮಳೆಯ ಅಂಕಿ ತಿಳಿಸುವಲ್ಲಿ ಯಾರು ಮೇಲು? ‘ಲೆಕ್ಕ ಕೊಡಿ’ ಎನ್ನೋಣವೆಂದರೆ ಅದು ತಪ್ಪು ಮಾಡಿದವರನ್ನು ನಿಲ್ಲಿಸಿ ಕೇಳುವ ಮಾತು. ಕೊನೆಗೆ ನಮ್ಮ ಮಳೆ ಪುಸ್ತಕದಿಂದಲೇ ಪದ ಸಿಕ್ಕಿತು: ‘ಮಳೆ ಬರೆದಿಡಿ’. ಬರೆದಿಟ್ಟು ಎಂಬುದರಿಂದ ಅದು ಬೇರೆಯಾಗಿಯೇ ಕೇಳುತ್ತದೆ, ಏಕವಚನವಲ್ಲ, ಯಾರ ಮುಂದೆಯೂ ಬಾಗಿಸುವುದಿಲ್ಲ. ಒತ್ತಕ್ಷರವೂ ಇಲ್ಲ. ಮೊದಲು ಬಟನ್‌ಗೆ ಎತ್ತರವನ್ನು ಬಿಗಿಯಾಗಿ ಗೊತ್ತುಮಾಡಿದ್ದರಿಂದ ಕೆಲವರ ಫೋನಿನಲ್ಲಿ ಲಾವತ್ತು ಕತ್ತರಿಸಿಹೋಗಿ ‘ಸಲಿಸು’ ಎಂದು ಕಾಣುತ್ತಿತ್ತು. ಈಗ ಎತ್ತರ ಬಿಟ್ಟು ಪ್ಯಾಡಿಂಗ್ (ಪದದ ಸುತ್ತ ಖಾಲಿ ಜಾಗ) ಕೊಟ್ಟಿದ್ದೇನೆ, ಸಾಲಿನ ಎತ್ತರವನ್ನೂ ಅಕ್ಷರದ ಗಾತ್ರದ 1.6 ಪಟ್ಟಿಗೆ ಏರಿಸಿದ್ದೇನೆ. ಕನ್ನಡದ ಅಕ್ಷರಕ್ಕೆ ಕೆಳಗೂ ಜಾಗ ಬೇಕು.

ಖಾನೆಯ ಹೆಸರಿನಲ್ಲಿಯೂ ಒಂದು ಪಾಠ ಸಿಕ್ಕಿತು. ಖಾನೆಯೊಳಗೆ ಮಸುಕಾಗಿ ‘ಸೆಂಟು’ ಎಂದಷ್ಟೇ ಬರೆದಿದ್ದೆ. ಇಲ್ಲಿಯ ತೋಟಗಳಲ್ಲಿ ಮಳೆಯನ್ನು ಇಂಚು, ಸೆಂಟುಗಳಲ್ಲಿ ಹೇಳುತ್ತಾರೆ, 100 ಸೆಂಟಿಗೆ ಒಂದು ಇಂಚು. ಆದರೆ 100 ಸೆಂಟಿಗೆ ಒಂದು ಎಕರೆ ಎಂಬುದೂ ಅಷ್ಟೇ ನಿಜ. ಕಣ್ಣಿಗೆ ಮೇಲಿನ ಮಳೆಹನಿಯ ಚಿತ್ರ ಕಾಣುತ್ತದೆ, ಕಿವಿಗೆ ಚಿತ್ರವಿಲ್ಲ. ಮೇಷ್ಟ್ರು 200 ಎಂದು ತಮ್ಮ ತೋಟದ ಅಳತೆ ತುಂಬಿದ್ದರು. ಈಗ ಖಾನೆಯ ಹೊರಗೆ, ಅಳಿಯದ ಲೇಬಲ್‌ನಲ್ಲಿ ‘ಇಂದು ಬೆಳಿಗ್ಗೆ ಅಳೆದ ಮಳೆ, ಸೆಂಟುಗಳಲ್ಲಿ’ ಎಂದಿದೆ.

ಇನ್ನು ಉಳಿದಿರುವುದು ‘ಅಳಿಸು’. ಇದರ ಬಹುವಚನಕ್ಕೆ ನ್ಯೂನದ ಗೊಂದಲವಂತೂ ಇದೆ, ಜೊತೆಗೆ ಅಳು ಧಾತುವಿನ ಪ್ರೇರಣಾರ್ಥಕವೂ ‘ಅಳಿಸು’ ಎಂದೇ. ‘ರದ್ದುಮಾಡಿ’ ಎಂದರೂ ಮಾಡಿ ಎಂಬ ತೊಡಕು ಹೋಗುವುದಿಲ್ಲ. ‘ತೆಗೆದುಬಿಡಿ’ ಸ್ಪಷ್ಟವಾಗಿದೆ, ತೆಗೆದುಬಿಟ್ಟು ಎಂಬುದರಿಂದ ಬೇರೆಯೇ. ಆದರೆ ಮೇಷ್ಟ್ರಿಗೆ ಅದು ಯಾರೋ ಬೇಸತ್ತು ಹೇಳಿದಂತೆ ಕೇಳುತ್ತದೆಯಂತೆ. ನಿಮ್ಮ ಮನೆಯ ಹಳೆಯ ಲೆಕ್ಕದ ಪುಸ್ತಕಗಳಲ್ಲಿ, ತಪ್ಪಿ ಬರೆದ ಸಾಲನ್ನು ಹೊಡೆದಾಗ ಅದರ ಪಕ್ಕದಲ್ಲಿ ಏನೆಂದು ಬರೆಯುತ್ತಿದ್ದರು? ಆ ಕೆಲಸಕ್ಕೆ ನಿಮ್ಮ ಕಡೆ ಬಳಕೆಯಲ್ಲಿರುವ ಕ್ರಿಯಾಪದ ಯಾವುದು? ವಿಧಿರೂಪ, ನ್ಯೂನರೂಪ ಎರಡನ್ನೂ ಬರೆದು ತಿಳಿಸಬೇಕೆಂದು ಕೋರುತ್ತೇನೆ. ಬಂದ ಪದಗಳನ್ನು ಟಾಕ್‌ಬ್ಯಾಕ್‌ನಲ್ಲಿ ಹಾಕಿ ಮೇಷ್ಟ್ರಿಗೆ ಕೇಳಿಸುತ್ತೇನೆ.